ನಡುನೀರಿನ ಮೂರು ಸುತ್ತು

"ಗುರುಗಳೇ, ಸಾಕಲಾಗದ ಪ್ರಾಣಿಯನ್ನು ದೂರ ಬಿಟ್ಟು ಬಂದರೆ ತಪ್ಪೇ?"

ಕೇಳಿದವನು ಶಿಷ್ಯ ಚೆನ್ನವೀರ. ತೀರಿಕೊಂಡ ತಾಯಿಯ ಕಾರ್ಯ ಮುಗಿಸಿ ಅಂದೇ ಊರಿನಿಂದ ಮಠಕ್ಕೆ ಮರಳಿದ್ದ. ಅವನ ಪಕ್ಕದಲ್ಲಿ ಬಾಯಿ ಕಟ್ಟಿದ ಗೋಣಿಚೀಲವೊಂದಿತ್ತು. ಅದು ಆಗಾಗ ಅಲುಗುತ್ತಿತ್ತು.

"ಚೀಲದಲ್ಲಿ ಏನು?" ಎಂದರು ಗುರುಗಳು.

"ತಾಯಿ ಸಾಕಿದ ಬೆಕ್ಕು. ಈಗ ಮನೆಯಲ್ಲಿ ಅಣ್ಣನ ಸಂಸಾರ. ಅತ್ತಿಗೆ ಬಾಣಂತಿ. ಎಳೆಗೂಸಿನ ಹತ್ತಿರ ಬೆಕ್ಕು ಸುಳಿದರೆ ಹೆದರುತ್ತಾರೆ. ಎಲ್ಲಾದರೂ ಬಿಟ್ಟುಬಿಡೋ ಅಂದ ಅಣ್ಣ. ಗುಡ್ಡದ ಆಚೆ ಬಿಡೋಣ ಎಂದು ಹೊರಟೆ. ಚೀಲದಲ್ಲಿ ಒಯ್ದರೆ ಅದಕ್ಕೆ ದಾರಿ ತಿಳಿಯುವುದಿಲ್ಲವಂತೆ. ಮಠದ ಮುಂದೆ ಬಂದಾಗ ಯಾಕೋ ಕಾಲು ನಿಂತಿತು."

ಗುರುಗಳು ತಪ್ಪು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಕತೆ ಹೇಳಿದರು.

ಒಂದು ಹೊಳೆ. ಆ ಹೊಳೆಗೆ ಒಬ್ಬ ಅಂಬಿಗ. ಅವನ ಊರಿನಲ್ಲಿ ಒಂದು ರೂಢಿ ಇತ್ತು. ಬೇಡವಾದ ಬೆಕ್ಕೋ, ಹೆಚ್ಚಾದ ನಾಯಿಮರಿಯೋ, ಚೀಲಕ್ಕೆ ತುಂಬಿ ಅಂಬಿಗನ ಕೈಗೆ ಕೊಡುತ್ತಿದ್ದರು. ಅವನು ಹೊಳೆಯ ನಡುವೆ ಹರಿಗೋಲನ್ನು ಗರಗರನೆ ಮೂರು ಸುತ್ತು ತಿರುಗಿಸುತ್ತಿದ್ದ. ಮೂರು ಸುತ್ತಿಗೆ ಪ್ರಾಣಿಗೆ ದಿಕ್ಕು ತಪ್ಪುತ್ತದೆ, ಮನೆ ಮರೆತುಹೋಗುತ್ತದೆ ಎಂದು ಎಲ್ಲರ ನಂಬಿಕೆ. ಆಮೇಲೆ ಆಚೆ ದಡದ ಮರಳಿನ ಮೇಲೆ ಚೀಲ ಸುರಿದು, ತಿರುಗಿ ನೋಡದೆ ಬಂದುಬಿಡುತ್ತಿದ್ದ. ಅವನ ಅಪ್ಪನೂ ಹೀಗೇ ಮಾಡಿದವನು. ಯಾರೂ ಅದನ್ನು ತಪ್ಪು ಎಂದಿರಲಿಲ್ಲ. ಕೊಂದರೆ ತಾನೇ ತಪ್ಪು?

ಮರುದಿನ ಆಚೆಗೆ ಹೋದಾಗ, ಬಿಟ್ಟುಬಂದ ಬೆಕ್ಕು ನೀರಿನ ಅಂಚಿಗೆ ಕೂತು ಈಚೆ ದಡ ನೋಡುತ್ತಿರುವುದು ಒಮ್ಮೊಮ್ಮೆ ಅವನ ಕಣ್ಣಿಗೆ ಬೀಳುತ್ತಿತ್ತು. ಎರಡು ದಿನ ಇರುತ್ತಿತ್ತು. ಮೂರನೆಯ ದಿನ ಇರುತ್ತಿರಲಿಲ್ಲ. ಯಾರದೋ ಮನೆ ಸೇರಿರಬೇಕು ಎಂದುಕೊಳ್ಳುತ್ತಿದ್ದ. ಹಾಗೆ ಅಂದುಕೊಂಡರೆ ಅವನಿಗೆ ಊಟ ಸೇರುತ್ತಿತ್ತು.

ಅಂಬಿಗನಿಗೂ ಒಂದು ನಾಯಿ ಇತ್ತು. ಬೂದ ಅಂತ ಹೆಸರು. ಹೊಳೆ ತುಂಬಿ ಬಂದ ವರ್ಷ ಕಸಕಡ್ಡಿಯ ಜೊತೆ ತೇಲಿಬಂದ ಮರಿ. ಹೆಂಡತಿ ಮಡಿಲಲ್ಲಿಟ್ಟು ಬದುಕಿಸಿದ್ದಳು. ಮಕ್ಕಳಿಲ್ಲದ ಮನೆ. ಬೂದ ಹಗಲೆಲ್ಲ ಹರಿಗೋಲಿನಲ್ಲಿ ಅವನ ಕಾಲ ಬಳಿ, ಸಂಜೆಯಾದರೆ ಅವಳ ಸೆರಗಿನ ಮೇಲೆ.

ಒಂದು ವರ್ಷ ಹೆಂಡತಿಗೆ ಉಸಿರಿನ ಕಾಯಿಲೆ ಹಿಡಿಯಿತು. ಕೂತರೆ ಏದುಸಿರು, ಮಲಗಿದರೆ ಕೆಮ್ಮು. ವೈದ್ಯರು ಬಂದು ನೋಡಿದರು. ಅವಳ ಸೀರೆಗೆ ಅಂಟಿದ್ದ ಕೂದಲನ್ನು ಬೆರಳಿನಲ್ಲಿ ಎತ್ತಿ ಹಿಡಿದರು. "ಇದು ಉಸಿರಿನ ಜೊತೆ ಒಳಗೆ ಹೋಗುತ್ತಿದೆ. ಈ ಮನೆಯಲ್ಲಿ ನಾಯಿ ಇರಬೇಕು, ಇಲ್ಲ ಇವಳು ಇರಬೇಕು" ಎಂದರು.

ಬೂದನನ್ನು ಹೊರಗೆ ಕಟ್ಟಿದರು. ಅವನು ಕುಂಯ್‌ಗುಟ್ಟಿದ. ಅವಳೇ ಎದ್ದುಹೋಗಿ ಬಾಗಿಲು ತೆಗೆದಳು. ಸಂಜೆಯೊಳಗೆ ಅವಳ ತುಟಿ ನೀಲಿಯಾಗಿತ್ತು.

"ಕರಕೊಂಡು ಹೋಗಿ" ಎಂದಳು ಗಂಡನಿಗೆ. "ನಾನು ನೋಡುವಾಗ ಬೇಡ."

ಅಂಬಿಗನಿಗೆ ಗೊತ್ತಿದ್ದ ದಾರಿ ಒಂದೇ. ಮರುದಿನ ಬೆಳಿಗ್ಗೆ ಹೊಳೆಗೆ ಹೊರಟ. ಬೂದನಿಗೆ ಚೀಲ ಬೇಕಾಗಲಿಲ್ಲ. ದಿನದಂತೆ ತಾನೇ ಹಾರಿ ಹರಿಗೋಲಿನಲ್ಲಿ ಕೂತ.

ನಡುನೀರಿಗೆ ಬಂದಾಗ ಅಂಬಿಗ ಹರಿಗೋಲು ತಿರುಗಿಸಿದ. ಒಂದು ಸುತ್ತು. ಬೂದ ಎದ್ದು, ತಾನೂ ತಿರುಗಿ, ಮನೆಯ ಕಡೆ ಮುಖ ಮಾಡಿ ನಿಂತ. ಎರಡನೆಯ ಸುತ್ತು. ಕಾಲು ಜಾರಿ ಬಿದ್ದ. ಎದ್ದವನು ಮತ್ತೆ ಮನೆಯ ಕಡೆಗೇ ತಿರುಗಿದ. ಮೂರನೆಯ ಸುತ್ತಿಗೆ ತಲೆ ತಿರುಗಿದ್ದು ಅಂಬಿಗನಿಗೆ. ಹುಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಸಿದು ಕೂತ. ಯಜಮಾನನಿಗೆ ಏನೋ ಆಗಿದೆ ಅಂದುಕೊಂಡ ಬೂದ, ಹತ್ತಿರ ಬಂದು ಅವನ ಮೊಣಕಾಲಿನ ಮೇಲೆ ಗದ್ದ ಊರಿದ.

ಅಂಬಿಗನಿಗೆ ತಾನು ತಿರುಗಿಸಿದ ಚೀಲಗಳೆಲ್ಲ ನೆನಪಾದವು. ಒಳಗಿದ್ದವರ ಮುಖ ಎತ್ತ ತಿರುಗಿತ್ತೋ, ಚೀಲದ ಹೊರಗಿದ್ದವನಿಗೆ ಕಂಡಿರಲಿಲ್ಲ.

ಹಿಂದಕ್ಕೆ ಹೋಗುವಂತಿರಲಿಲ್ಲ, ಅಲ್ಲಿ ಹೆಂಡತಿಯ ಉಸಿರಿತ್ತು. ಮರಳಿನ ಮೇಲೆ ಬಿಟ್ಟು ಬರಲು ಕೈ ಏಳಲಿಲ್ಲ. ಆಚೆ ದಡದಲ್ಲಿ ಹರಿಗೋಲು ಕಟ್ಟಿ, ಬೂದನ ಜೊತೆ ನಡೆದ. ಮೊದಲು ಸಿಕ್ಕಿದ್ದು ದನದ ಕೊಟ್ಟಿಗೆ ಇದ್ದ ಮನೆ.

"ಧಾರಾಳವಾಗಿ ಬಿಟ್ಟು ಹೋಗು. ಕೊಟ್ಟಿಗೆ ಕಾಯಲಿ. ಗಟ್ಟಿ ಸರಪಳಿ ಇದೆ" ಎಂದ ಮನೆಯವನು.

"ಬಿಚ್ಚುವುದು ಯಾವಾಗ?"

"ಬಿಚ್ಚೋದಕ್ಕೆ ಸರಪಳಿ ಯಾಕಪ್ಪಾ?"

ಅಂಬಿಗ ಮುಂದೆ ನಡೆದ. ನೀರು ಇಳಿದ ಮರಳಿನಲ್ಲಿ ಒಬ್ಬಳು ಹೆಂಗಸು ಕಲ್ಲಂಗಡಿ ಬಳ್ಳಿ ಹಬ್ಬಿಸಿ, ಅಲ್ಲೇ ಗುಡಿಸಲು ಹಾಕಿಕೊಂಡಿದ್ದಳು. ಅಂಬಿಗನನ್ನು ಕಂಡವಳೇ ಸೊಂಟದ ಮೇಲೆ ಕೈ ಇಟ್ಟಳು.

"ಬಂದೆಯಾ ಚೀಲದಪ್ಪಾ? ಇವತ್ತು ಚೀಲ ಮರೆತುಬಂದೆಯೋ ಹೇಗೆ?"

"ಅಕ್ಕಾ, ನನ್ನ ಗುರುತು ಇದೆಯಾ ನಿನಗೆ?"

"ಇಲ್ಲದೆ ಏನು! ನೀನು ಸುರಿದು ಹೋದವರಲ್ಲಿ ಮೂವರು ನನ್ನ ಗುಡಿಸಲಲ್ಲೇ ಇದ್ದಾರೆ. ನನಗಿಂತ ಮೊದಲು ಉಣ್ಣುತ್ತಾರೆ."

ಗುಡಿಸಲಿನ ನೆರಳಲ್ಲಿ ಮೂರು ಬೆಕ್ಕು ಮಲಗಿದ್ದವು.

"ಮಿಕ್ಕವು?" ಎಂದ ಅಂಬಿಗ.

ಅವಳು ಬಳ್ಳಿ ಸರಿಸಿ ಒಂದು ಕಾಯಿಯನ್ನು ಮಗ್ಗುಲು ಬದಲಿಸಿ ಇಟ್ಟಳು. ಅಂಬಿಗ ಮತ್ತೆ ಕೇಳಲಿಲ್ಲ.

ಅವನು ಬಂದ ಕಾರಣ ಹೇಳಿದ. ಅವಳು ಕೇಳಿಸಿಕೊಂಡು, ಬೂದನ ಮುಂದೆ ಕುಕ್ಕುರುಗಾಲಿನಲ್ಲಿ ಕೂತಳು. "ಇವನು ಏನು ಉಣ್ಣುತ್ತಾನೆ? ಯಾವುದಕ್ಕೆ ಹೆದರುತ್ತಾನೆ?"

ಸರಪಳಿಯವನು ಇದನ್ನು ಕೇಳಿರಲಿಲ್ಲ. ಅಂಬಿಗ ಮರಳಿನ ಮೇಲೆ ಕೂತು ಹೇಳತೊಡಗಿದ. ಮುದ್ದೆ ಆರಿರಬೇಕು, ಮಜ್ಜಿಗೆಯಲ್ಲಿ ಕಲಸಿರಬೇಕು. ಗುಡುಗಿದರೆ ಯಾರದಾದರೂ ಕಾಲ ಸಂದಿಗೆ ನುಗ್ಗುತ್ತಾನೆ, ಬೈಯಬಾರದು. ಎಡಗಿವಿಗೆ ಮರಿಯಾಗಿದ್ದಾಗ ಗಾಯವಾಗಿತ್ತು, ಅಲ್ಲಿ ಮುಟ್ಟಿಸಿಕೊಳ್ಳುವುದಿಲ್ಲ. ಹೆಸರು ಕೂಗಿದರೆ ಕೇಳದವನ ಹಾಗೆ ಇರುತ್ತಾನೆ, ಎರಡು ಚಪ್ಪಾಳೆ ತಟ್ಟಿದರೆ ಓಡಿಬರುತ್ತಾನೆ. ಅದು ಹೆಂಡತಿ ಕಲಿಸಿದ್ದು.

"ಯಾರನ್ನಾದರೂ ಕಚ್ಚಿದ್ದಾನೋ?"

"ಒಬ್ಬರನ್ನೇ. ವೈದ್ಯರನ್ನು."

"ಹಾಗಾದರೆ ಬುದ್ಧಿ ಇದೆ" ಎಂದಳು. "ಇರಲಿ ನನ್ನ ಹತ್ತಿರ. ಆದರೆ ಸುರಿದು ಓಡುವ ನಿನ್ನ ಹಳೇ ಚಾಳಿ ನಡೆಯುವುದಿಲ್ಲ. ಇವನು ಇಲ್ಲಿ ಹೊಂದಿಕೊಳ್ಳುವ ತನಕ ದಿನಾ ಬರಬೇಕು. ನಿನ್ನ ಹೆಂಡತಿಯ ಹಳೇ ಸೀರೆ ಒಂದು ತಂದುಕೊಡು, ಒಗೆಯದ್ದು. ನನ್ನ ಕೈಲಿ ಆಗದೆ ಹೋದರೆ ನಿನಗೇ ಹೇಳಿ ಕಳಿಸುತ್ತೇನೆ. ಚೀಲ ಹುಡುಕುವುದಿಲ್ಲ."

ಮೊದಲ ದಿನ ಬೂದ ಅನ್ನ ಮೂಸಲಿಲ್ಲ. ಅಂಬಿಗ ಮನೆಗೆ ಬಂದಾಗ ಹೆಂಡತಿ ಹೊಸ್ತಿಲಲ್ಲೇ ಕೇಳಿದಳು, "ಉಂಡನಾ?"

"ಇಲ್ಲ."

ಮರುದಿನ ಅವಳೇ ಮುದ್ದೆ ಆರಿಸಿ, ಮಜ್ಜಿಗೆಯಲ್ಲಿ ಕಲಸಿ ಕೊಟ್ಟಳು, ಸೀರೆಯ ಜೊತೆ. ಬೂದ ಸೀರೆಯ ಮೇಲೆ ಮಲಗಿದ, ಉಣ್ಣಲಿಲ್ಲ. ನಾಲ್ಕನೆಯ ದಿನ ಅರ್ಧ ಉಂಡ. ಅಂಬಿಗ ಹೊರಟಾಗಲೆಲ್ಲ ನೀರಿನ ಅಂಚಿಗೆ ಓಡಿಬಂದು, ಹರಿಗೋಲು ಈಚೆ ದಡ ಮುಟ್ಟುವ ತನಕ ನಿಲ್ಲುತ್ತಿದ್ದ. ತಿರುಗಿ ನೋಡದೆ ಬರುತ್ತಿದ್ದ ಅಂಬಿಗ ಈಗ ಹಿಂದಕ್ಕೇ ನೋಡುತ್ತಾ ಹುಟ್ಟು ಹಾಕಿದ. ಎದುರಿನ ಬಂಡೆಗೆ ಹರಿಗೋಲು ಎರಡು ಸಲ ತಗಲಿತು.

ಎಂಟನೆಯ ದಿನ ಅವನು ಹೊರಟಾಗ ಕಲ್ಲಂಗಡಿಯ ಮೇಲೆ ಕಾಗೆ ಕೂತಿತ್ತು. ಬೂದ ಒಮ್ಮೆ ಅಂಬಿಗನನ್ನು ನೋಡಿದ, ಬಾಲ ಆಡಿಸಿದ. ಒಮ್ಮೆ ಕಾಗೆಯನ್ನು ನೋಡಿದ. ಆಮೇಲೆ ಬೊಗಳುತ್ತಾ ಕಾಗೆಯ ಹಿಂದೆ ಓಡಿದ. ಅಂಬಿಗ ಸ್ವಲ್ಪ ಹೊತ್ತು ಕಾದ. ಬೂದ ಬರಲಿಲ್ಲ.

"ಉಂಡನಾ?" ಎಂದಳು ಹೆಂಡತಿ.

"ಪೂರ್ತಿ ಉಂಡ. ಇವತ್ತು ನನ್ನನ್ನು ಕಳಿಸುವುದಕ್ಕೂ ಬರಲಿಲ್ಲ, ಕಳ್ಳ."

ಅವಳು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. "ಅವನಿಗೂ ಈಗ ಅಲ್ಲಿ ಕೆಲಸ ಇರುತ್ತೆ, ಬಿಡಿ" ಎಂದಳು.

ಅಲ್ಲಿಂದಾಚೆ ಆ ಹೊಳೆಯಲ್ಲಿ ಹರಿಗೋಲು ಸುತ್ತು ತಿರುಗಲಿಲ್ಲ. ಯಾರಾದರೂ ಚೀಲ ತಂದರೆ ಅಂಬಿಗ ಹೇಳುತ್ತಿದ್ದ: "ಚೀಲ ಇಲ್ಲೇ ಬಿಡು. ಅದನ್ನು ಮಡಿಲಲ್ಲಿ ಇಟ್ಟುಕೊಂಡು ನೀನೂ ಹತ್ತು. ಆಚೆ ಮನೆ ಹುಡುಕೋಣ. ಅದು ಏನು ಉಣ್ಣುತ್ತದೆ, ಯಾವುದಕ್ಕೆ ಹೆದರುತ್ತದೆ ಎಂದು ಹೇಳಬೇಕಾದವನು ನೀನು, ನಾನಲ್ಲ."

ಗುರುಗಳು ಕತೆ ನಿಲ್ಲಿಸಿದರು.

ಚೆನ್ನವೀರ ಚೀಲದ ಗಂಟು ಬಿಚ್ಚಿದ. ಬೆಕ್ಕು ಹೊರಗೆ ಬಂತು. ಓಡಲಿಲ್ಲ. ಅವನ ಪಂಚೆಯ ಅಂಚನ್ನು ಮೂಸಿ, ಅಲ್ಲೇ ಕೂತಿತು.

"ಕೆಳಗಿನ ಕೇರಿಯಲ್ಲಿ ಕೇಳಿ ನೋಡುತ್ತೇನೆ, ಗುರುಗಳೇ. ಯಾರಾದರೂ ಇಟ್ಟುಕೊಂಡಾರು. ಏನೆಂದು ಹೇಳಿ ಕೊಡಲಿ?"

"ನಿನ್ನ ತಾಯಿ ಅದನ್ನು ಏನೆಂದು ಕರೆಯುತ್ತಿದ್ದಳು?" ಎಂದರು ಗುರುಗಳು.

ಚೆನ್ನವೀರ ಬೆಕ್ಕನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡ. ಹೆಸರು ಅವನಿಗೆ ಗೊತ್ತಿತ್ತು. ತಾಯಿಯ ದನಿಯಲ್ಲೇ ಗೊತ್ತಿತ್ತು.