ಮೇಲಿನ ಮೆಟ್ಟಿಲೇರಿದ ಶೆಟ್ಟಿ ಗೊಂಬೆ

ನವರಾತ್ರಿಯ ಗೊಂಬೆಗಳನ್ನು ಮೆಟ್ಟಿಲುಗಳ ಮೇಲೆ ಕೂರಿಸಿದ್ದರು. ಎಲ್ಲಕ್ಕಿಂತ ಮೇಲೆ ಎತ್ತರದ ರಾಜ ಗೊಂಬೆ ನಿಂತಿದ್ದನು. ಎಲ್ಲಕ್ಕಿಂತ ಕೆಳಗೆ, ಅಕ್ಕಿ ಬೇಳೆಗಳ ಪುಟ್ಟ ಅಂಗಡಿಯ ಹಿಂದೆ, ಗಿಡ್ಡ ಶೆಟ್ಟಿ ಗೊಂಬೆ ಕುಳಿತಿದ್ದನು. ಬಂದವರೆಲ್ಲ ತಲೆಯೆತ್ತಿ ರಾಜನಿಗೆ ಕೈಮುಗಿಯುತ್ತಿದ್ದರು.

“ಮಹಾಸ್ವಾಮಿ, ಒಂದು ದಿನವಾದರೂ ನಿಮ್ಮ ಪಕ್ಕದಲ್ಲಿ ನಿಲ್ಲುವ ಆಸೆ ನನಗೆ. ಇಲ್ಲಿ ನನ್ನನ್ನು ಯಾರೂ ನೋಡುವುದಿಲ್ಲ,” ಎಂದನು ಶೆಟ್ಟಿ.

“ಪಕ್ಕದ ಮನೆಯ ಗೌರಮ್ಮಜ್ಜಿ ನೋಡುತ್ತಾರಲ್ಲ?”

“ಅವರ ಬೆನ್ನು ಬಾಗಿದೆ, ಸ್ವಾಮಿ. ತಲೆಯೆತ್ತಲಾರದೆ ನನ್ನನ್ನು ನೋಡುತ್ತಾರೆ, ಅಷ್ಟೆ.”

ಅಷ್ಟರಲ್ಲಿ ಅಜ್ಜಿ ಬಂದು ನೆಲದ ಮೇಲೆ ಕುಳಿತರು. “ಏನಪ್ಪಾ ಶೆಟ್ಟಿ, ಈ ಸಲದ ಬೇಳೆಯಾದರೂ ಬೇಯುತ್ತದೋ, ಹೋದ ವರ್ಷದಂತೆ ಮೋಸವೋ?” ಎಂದು ನಕ್ಕರು.

ಮನೆಯ ಸೊಸೆ ಇದನ್ನು ಕೇಳಿಸಿಕೊಂಡಳು. ಅಜ್ಜಿಗೆ ಪ್ರಿಯವಾದ ಗೊಂಬೆ ಕೆಳಗಿರಬಾರದೆಂದು, ಅವರು ಹೋದ ಮೇಲೆ ಶೆಟ್ಟಿಯನ್ನು ರಾಜನ ಪಕ್ಕದಲ್ಲಿ ಇಟ್ಟಳು.

ಮರುದಿನ ಬಂದವರೆಲ್ಲ ಶೆಟ್ಟಿಗೂ ಕೈಮುಗಿದರು. ಅವನು ಹಿಗ್ಗಿದನು. ಸಂಜೆ ಅಜ್ಜಿ ಬಂದು ಎಂದಿನ ಜಾಗದಲ್ಲಿ ಕುಳಿತರು. ಸೊಸೆ ಅಡುಗೆಮನೆಯಲ್ಲಿದ್ದಳು.

“ಅಂಗಡಿ ತೆರೆದಿಟ್ಟು ಎಲ್ಲಿಗೆ ಹೋದೆಯಪ್ಪಾ?” ಎಂದು ಅಜ್ಜಿ ಕೆಳಗಿನ ಮೆಟ್ಟಿಲನ್ನು ಕೈಯಿಂದ ತಡವಿದರು.

“ಅಜ್ಜೀ, ಇಲ್ಲಿದ್ದೇನೆ!” ಎಂದು ಶೆಟ್ಟಿ ಕೂಗಿದನು. ಗೊಂಬೆಗಳ ಮಾತು ಮನುಷ್ಯರಿಗೆ ಕೇಳಿಸದು.

“ಆಗಲಿ, ನೀನು ಬರುವತನಕ ನಾನೇ ಕಾಯುತ್ತೇನೆ,” ಎಂದು ಅಜ್ಜಿ ಚೆದುರಿದ ಬೇಳೆಯನ್ನು ಒಟ್ಟುಗೂಡಿಸಿದರು.

“ಸ್ವಾಮಿ, ಅವರ ಮುಖ ಕಾಣುತ್ತಿಲ್ಲವಲ್ಲ!”

ರಾಜನು ಮೆಲ್ಲಗೆ ಹೇಳಿದನು: “ಇಲ್ಲಿಂದ ಅವರ ಬೆನ್ನು ಮಾತ್ರ ಕಾಣುತ್ತದೆ, ಶೆಟ್ಟಿ. ನಾನು ಎಷ್ಟೋ ವರ್ಷಗಳಿಂದ ಅದನ್ನೇ ನೋಡುತ್ತಿದ್ದೇನೆ.”