ಸಾಸಿವೆಯ ಅಂಗಿಗೆ ಅಳತೆ ಎಷ್ಟು?

ಅದೊಂದು ಸಾಧಾರಣ ದಿನ. ಯಾವ ವಾರ ಎಂದು ಹೇಳುವಂತಿಲ್ಲ. ಲೋಕ ಆಗಿನ್ನೂ ಹೊಸದು. ವಾರಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಬಿಸಿಲು ಬಂದಿತ್ತು. ಹೊಳೆ ಹರಿಯುತ್ತಿತ್ತು. ಹೊಂಗೆಮರದ ಕೆಳಗಿನ ಕೊಂಬೆಯ ಮೇಲೆ ಕುಳಿತು ಟುವ್ವಿ ಹಕ್ಕಿ ಮೊಲದ ಅಂಗಿಗೆ ಬಾಲ ಹಚ್ಚುತ್ತಿದ್ದಳು.

ಆಗ ಕಡ್ಲಿ ಬಂದಳು. ಕಡ್ಲಿ ಎಂದರೆ ಒಂದು ಪುಟಾಣಿ ನಾಯಿ. ಎಷ್ಟು ಪುಟಾಣಿ ಎಂದರೆ, ಹುಲ್ಲು ಬೆಳೆದ ಕಡೆ ಅವಳ ಕಿವಿ ಮಾತ್ರ ಕಾಣುತ್ತಿತ್ತು. ಅವಳು ಒಂದು ಮುತ್ತುಗದ ಎಲೆಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದುಕೊಂಡು ಬರುತ್ತಿದ್ದಳು. ಎಲೆಯ ಮೇಲೆ ಹಿಂದಿನ ದಿನ ಹುಟ್ಟಿದ ಎರಡು ಮರಿಗಳು. ಒಂದು ಹೆಣ್ಣು, ರಾಗಿ. ಒಂದು ಗಂಡು, ಸಾಸಿವೆ. ಮರಿಗಳ ಮೈಯಲ್ಲಿ ಹಿಡಿದು ಎತ್ತುವುದಕ್ಕೆ ಆಗ ಎಲ್ಲಿಯೂ ಹಿಡಿತ ಸಿಗುತ್ತಿರಲಿಲ್ಲ. ಆದ್ದರಿಂದ ಎಲ್ಲ ತಾಯಂದಿರೂ ಹೀಗೇ ಎಲೆ ಎಳೆಯುತ್ತಿದ್ದರು.

ಸಾಸಿವೆ ದಾರಿಯಲ್ಲಿ ಆರು ಸಲ ಎಲೆಯಿಂದ ಉರುಳಿ ಬಿದ್ದಿದ್ದ. ಟುವ್ವಿಯ ಎದುರು ಏಳನೆಯ ಸಲ ಬಿದ್ದ.

"ಅಂಗಿ ಹೊಲೀಬೇಕು, ಟುವ್ವಕ್ಕ," ಎಂದಳು ಕಡ್ಲಿ, ಅವನನ್ನು ಮೂಗಿನಿಂದ ಮತ್ತೆ ಎಲೆಯ ಮೇಲೆ ದೂಡುತ್ತ.

ಆ ಕಾಲದಲ್ಲಿ ಯಾವ ಪ್ರಾಣಿಯೂ ಚರ್ಮದೊಡನೆ ಹುಟ್ಟುತ್ತಿರಲಿಲ್ಲ. ಎಲ್ಲರಿಗೂ ಚರ್ಮದ ಅಂಗಿ ಹೊಲಿದುಕೊಡುವವಳು ಟುವ್ವಿ. ಬಟ್ಟೆ ತಂದುಕೊಡುವುದು ಹೊಳೆ. ಆನೆಗೆ ಬೂದು ಬಟ್ಟೆ, ಹುಲಿಗೆ ಪಟ್ಟೆಯ ಬಟ್ಟೆ, ನಾಯಿಗೆ ಕಂದು ಬಟ್ಟೆ. ಒಂದು ಜೀವಕ್ಕೆ ಒಂದೇ ಅಂಗಿ. ಅಂಗಿ ಮೈಯೊಡನೆ ಹಿಗ್ಗುತ್ತಿತ್ತು, ಆದರೆ ಮೊದಲು ಹೇಳಿದ ಅಳತೆಯವರೆಗೆ ಮಾತ್ರ. ಅದರಾಚೆಗೆ ಹಿಗ್ಗುತ್ತಿರಲಿಲ್ಲ, ಬಿರಿಯುತ್ತಿತ್ತು. ಆದ್ದರಿಂದ ಟುವ್ವಿಗೆ ಒಂದು ನಿಯಮವಿತ್ತು: ಮರಿ ದೊಡ್ಡದಾದ ಮೇಲೆ ಎಷ್ಟಿರುತ್ತದೆ ಎಂದು ತಾಯಿ ಹೇಳಬೇಕು. ಹೇಳದಿದ್ದರೆ ಬಟ್ಟೆ ಕತ್ತರಿಸುವುದಿಲ್ಲ.

"ಎಷ್ಟಾಗ್ತಾರೆ?" ಎಂದು ಟುವ್ವಿ ಕೇಳಿದಳು.

"ರಾಗಿ ನನ್ನ ಥರಾನೇ. ನನ್ನಷ್ಟೇ ಆಗ್ತಾಳೆ."

ಟುವ್ವಿ ಅಳತೆಗೆಂದು ಗಂಟು ಹಾಕಿದ ಬಳ್ಳಿಯ ಹಂಬನ್ನು ತೆಗೆದು ಕಡ್ಲಿಯನ್ನು ಮೂಗಿನಿಂದ ಬಾಲದವರೆಗೆ ಅಳೆದಳು. ಹನ್ನೊಂದು ಗಂಟು. ಎರಡನೆಯ ಸಲ ಅಳೆದಳು. ಹನ್ನೊಂದೇ. ಕುತ್ತಿಗೆಯ ಸುತ್ತಳತೆಗೆ ರಾಗಿಯನ್ನೂ ಅಳೆದಳು. ರಾಗಿ ಅಲುಗಾಡದೆ ಮಲಗಿದ್ದಳು.

"ಇಂಥಾ ಮಕ್ಕಳಿದ್ರೆ ನನ್ನ ಕೆಲಸ ಸುಲಭ," ಎಂದಳು ಟುವ್ವಿ. ಅವಳು ಯಾರನ್ನೂ ಹೊಗಳುವವಳಲ್ಲ. "ಇನ್ನೊಬ್ಬ?"

ಇನ್ನೊಬ್ಬ ಅಷ್ಟರಲ್ಲಿ ಹಂಬಿನ ನಾಲ್ಕನೆಯ ಗಂಟನ್ನು ಬಾಯಿಗೆ ಹಾಕಿಕೊಂಡು ಚೀಪುತ್ತಿದ್ದ. ಟುವ್ವಿ ಅವನ ದೊಡ್ಡ ದೊಡ್ಡ ಪಾದಗಳನ್ನು ನೋಡಿದಳು.

"ಈ ಪಾದ ಯಾರದು?"

"ಅವನದೇ."

"ಮತ್ತೆ ಈ ಮೈ?"

"ಅದೂ ಅವನದೇ."

"ಎರಡೂ ಒಬ್ಬನದೇ ಅಂತ ಹೇಗೆ ನಂಬೋದು? ಇವನ ಅಪ್ಪ ಎಷ್ಟಿದ್ದ?"

"ದೊಡ್ಡವನಿದ್ದ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ?"

"ಸಿಕ್ಕಾಗ ಕೂತಿದ್ದ. ಹೋಗುವಾಗ ಓಡ್ತಿದ್ದ. ನಿಂತಿದ್ದನ್ನ ನಾನು ನೋಡಿಲ್ಲ," ಎಂದಳು ಕಡ್ಲಿ.

ಟುವ್ವಿ ಕಣ್ಣು ಮುಚ್ಚಿ ತೆರೆದಳು. "ನೋಡು ಕಡ್ಲಿ. ನಾಯಿಗೆ ಅಂತ ಇರೋದು ಇಪ್ಪತ್ತೆರಡು ಗಂಟು ಬಟ್ಟೆ. ರಾಗಿಗೆ ಹನ್ನೊಂದು ಹೋದ್ರೆ ಉಳಿಯೋದು ಹನ್ನೊಂದು. ಇವನೂ ನಿನ್ನಷ್ಟೇ ಆದ್ರೆ ಸರಿಹೋಯ್ತು, ಇವತ್ತೇ ಕತ್ತರಿಸ್ತೀನಿ. ಹೆಚ್ಚಾದ್ರೆ ಹೊಳೆ ಮತ್ತೆ ಬಟ್ಟೆ ತರಬೇಕು."

"ಯಾವಾಗ ತರ್ತೀಯ, ಹೊಳೆಯವ್ವ?" ಎಂದು ಕಡ್ಲಿ ಕೂಗಿ ಕೇಳಿದಳು.

"ಇವತ್ತಿಂದ ಹನ್ನೆರಡನೇ ದಿನ," ಎಂದಿತು ಹೊಳೆ. "ಅದಕ್ಕೆ ಮುಂಚೆ ಆಗಲ್ಲ. ಬೆಟ್ಟದಿಂದ ಬರಬೇಕು."

"ನಾನು ಎಂಟನೇ ದಿನ ಬೆಳಿಗ್ಗೆ ಬರ್ತೀನಿ," ಎಂದಿತು ಗಾಳಿ, ಕೇಳದೆಯೇ. "ಚಳಿ ತರ್ತೀನಿ. ಮೊದಲೇ ಹೇಳಿದೀನಿ, ಆಮೇಲೆ ನನ್ನ ಬೈಬಾರದು."

"ನಾಲ್ಕು ದಿನ ತಡವಾಗಿ ಬಾರಪ್ಪ," ಎಂದಳು ಕಡ್ಲಿ.

"ನಾನು ತಡ ಮಾಡಿದ್ರೆ ಮರಗಳೆಲ್ಲ ಎಲೆ ಹಿಡ್ಕೊಂಡು ಕಾಯ್ತಾ ನಿಂತಿರ್ತವೆ. ಅವಕ್ಕೆ ಯಾರು ಉತ್ತರ ಹೇಳ್ತಾರೆ?"

ಚಳಿಗೆ ಮುಂಚೆ ಅಂಗಿ ಬೇಕು. ಅಂಗಿಗೆ ಮುಂಚೆ ಅಳತೆ ಬೇಕು. ಅಳತೆ ಯಾರಿಗೂ ಗೊತ್ತಿಲ್ಲ.

"ಬೆಳೆಯೋ ಮಗು, ಟುವ್ವಕ್ಕ. ಸ್ವಲ್ಪ ದೊಡ್ಡದಾಗೇ ಹೊಲಿ," ಎಂದಳು ಕಡ್ಲಿ.

"ಸ್ವಲ್ಪ ಅಂದ್ರೆ ಎಷ್ಟು ಗಂಟು? ಈ ಹಂಬಿನಲ್ಲಿ 'ಸ್ವಲ್ಪ' ಅನ್ನೋ ಗಂಟು ಎಲ್ಲಿದೆ, ತೋರಿಸು. ಆನೆಯ ತಾಯಿನೂ ಹೀಗೇ ಹೇಳಿದ್ಲು. 'ಸ್ವಲ್ಪ ದೊಡ್ಡದಾಗೇ ಇರಲಿ.' ಈಗ ಅವನ ಮೊಣಕಾಲಿನ ಸುಕ್ಕು ನೋಡು. ನೋಡಿದಾಗೆಲ್ಲ ನನಗೆ ನಾಚಿಕೆ. ಹೋಗು, ಕೇಳ್ಕೊಂಡು ಬಾ. ಏಳನೇ ದಿನದೊಳಗೆ ಒಂದು ಅಳತೆ ತಗೊಂಡು ಬಾ. ಒಂದೇ ಅಳತೆ."

ಕಡ್ಲಿ ಎಲೆ ಎಳೆದುಕೊಂಡು ಹೊರಟಳು.

ಮೊದಲು ಸಿಕ್ಕಿದವನು ಆನೆಯೇ. ಅವನು ಸಾಸಿವೆಯ ಪಾದವನ್ನು ಸೊಂಡಿಲ ತುದಿಯಿಂದ ಎತ್ತಿ, ಬಿಟ್ಟು, ಮತ್ತೆ ಎತ್ತಿ ನೋಡಿದ.

"ಪಾದ ನೋಡಿದ್ರೆ ಗೊತ್ತಾಗಲ್ವೇನಮ್ಮ? ಪಾದ ದೊಡ್ಡದಿದ್ರೆ ಪ್ರಾಣಿ ದೊಡ್ಡದು. ನನ್ನ ಪಾದ ನೋಡು, ನನ್ನ ನೋಡು. ಇದರಲ್ಲಿ ಯೋಚನೆ ಮಾಡೋಕೇನಿದೆ? ಮೂವತ್ತು ಗಂಟು ಅಂತ ಹೇಳು. ನಾನು ಹೇಳಿದೆ ಅಂತ ಹೇಳು."

ಕಡ್ಲಿ ವಾಪಸು ಬಂದು ಮೂವತ್ತು ಎಂದಳು.

"ಯಾರು ಹೇಳಿದ್ದು?"

"ಆನೆ."

"ಅವನ ಅಂಗಿನೇ ಅವನಿಗೆ ಸರಿಯಾಗಿಲ್ಲ," ಎಂದು ಟುವ್ವಿ ಸೂಜಿಯ ಕಡೆ ತಿರುಗಿದಳು.

ಮಾರನೆಯ ದಿನ ಕಡ್ಲಿ ಕಾಗೆಯನ್ನು ಕೇಳಿದಳು. ಕಾಗೆ ಊರೆಲ್ಲ ಸುತ್ತುವವನು. ಮರಿಗಳ ಅಪ್ಪನನ್ನು ನೋಡಿದ್ದ. "ಇಷ್ಟಿದ್ದ," ಎಂದು ಒಂದು ರೆಕ್ಕೆ ಬಿಚ್ಚಿದ. ಸ್ವಲ್ಪ ಯೋಚಿಸಿ, "ಅಲ್ಲ, ಇಷ್ಟು," ಎಂದು ಎರಡನ್ನೂ ಬಿಚ್ಚಿದ. ಅಷ್ಟರಲ್ಲಿ ಅವನ ಹೆಂಡತಿ ಬಂದು, "ಅದು ನಾಯಿನೇ ಅಲ್ಲ ಕಣ್ರೀ, ನರಿ," ಎಂದಳು. ಇಬ್ಬರಿಗೂ ಜಗಳವಾಯಿತು. ಕಡ್ಲಿ ಅಲ್ಲಿಂದ ಎದ್ದು ಬಂದದ್ದು ಅವರಿಗೆ ಗೊತ್ತಾಗಲಿಲ್ಲ.

ಆಮೆ, "ನೂರು ವರ್ಷ ಕಾದು ನೋಡು, ತಾನಾಗೇ ಗೊತ್ತಾಗುತ್ತೆ," ಎಂದಿತು.

ಆಲದಮರವನ್ನು ಕೇಳಿದರೆ ಅದು ತನ್ನ ಬೀಜವನ್ನು ತೋರಿಸಿತು. "ಇದನ್ನ ನೋಡಿ ನಾನು ಇಷ್ಟಾಗ್ತೀನಿ ಅಂತ ನನ್ನ ಅಮ್ಮನಿಗೇ ಗೊತ್ತಿರಲಿಲ್ಲ. ನನ್ನ ಏನು ಕೇಳ್ತೀಯ, ತಾಯಿ?"

ಇರುವೆಗಳು ಮಾತ್ರ ಶಿಸ್ತಾಗಿ ಬಂದವು. ಸಾಸಿವೆಯನ್ನು ಒಂದು ಕಡೆ, ಹೊಳೆಯ ಕಲ್ಲುಗಳನ್ನು ಇನ್ನೊಂದು ಕಡೆ ಇಟ್ಟು, ಬಿದಿರಿನ ತುಂಡಿನ ಮೇಲೆ ತೂಗಿದವು. "ಈ ತೂಕಕ್ಕೆ ಎರಡರಷ್ಟು ಮಾಡಿ, ಅದಕ್ಕೆ ಅರ್ಧ ಸೇರಿಸಿ, ಬಂದದ್ದನ್ನ ಗಂಟಿಗೆ ತಿರುಗಿಸಿದ್ರೆ ಹದಿನಾಲ್ಕು," ಎಂದವು. ಅಷ್ಟರಲ್ಲಿ ಸಾಸಿವೆ ಉಚ್ಚೆ ಹೊಯ್ದ. ಮತ್ತೆ ತೂಗಿದರೆ ಹದಿಮೂರೂವರೆ ಬಂತು. ಕಡ್ಲಿ ಎರಡನ್ನೂ ಟುವ್ವಿಗೆ ಬಂದು ಹೇಳಿದಳು.

"ನಿನ್ನೆ ಮೂವತ್ತು. ಇವತ್ತು ಹದಿನಾಲ್ಕು. ಅವನು ಉಚ್ಚೆ ಹೊಯ್ದ್ರೆ ಹದಿಮೂರೂವರೆ," ಎಂದಳು ಟುವ್ವಿ. ಅವಳ ಬಾಲ ನೆಟ್ಟಗೆ ನಿಂತಿತ್ತು. ಸಿಟ್ಟು ಬಂದಾಗ ಹಾಗೆ ನಿಲ್ಲುತ್ತಿತ್ತು. "ನಾನು ಕತ್ತರಿಸೋದು ಬಟ್ಟೆ, ಕಡ್ಲಿ. ಒಂದು ಸಲ ಕತ್ತರಿಸಿದ್ರೆ ಮತ್ತೆ ಸೇರಲ್ಲ."

"ನನ್ನನ್ನ ಬೈದ್ರೆ ಅಳತೆ ಬರುತ್ತಾ? ನಾನೇನು ಬೇಕು ಅಂತ ಮುಚ್ಚಿಟ್ಟಿದೀನಾ?"

"ಹೆತ್ತವಳಿಗೆ ಗೊತ್ತಿಲ್ಲದೆ ಇದ್ರೆ ಹೊಲಿಯೋಳಿಗೆ ಹೇಗೆ ಗೊತ್ತಾಗಬೇಕು?"

"ಹೆತ್ತರೆ ಗೊತ್ತಾಗುತ್ತೆ ಅಂತ ನಿನಗೆ ಯಾರು ಹೇಳಿದ್ದು?"

ನೆಟ್ಟಗಿದ್ದ ಬಾಲ ಮೆಲ್ಲಗೆ ಕೆಳಗಿಳಿಯಿತು. ಆಮೇಲೆ ಟುವ್ವಿ, "ರಾಗಿಯ ಅಂಗಿ ಆಗಿದೆ," ಎಂದಳು. ಅದು ಪಕ್ಕದ ಮುಳ್ಳುಗಿಡದ ಮೂರನೆಯ ಮುಳ್ಳಿನಲ್ಲಿ ನೇತಾಡುತ್ತಿತ್ತು. ಕಂದು ಬಣ್ಣ, ಹನ್ನೊಂದು ಗಂಟು, ಒಂದು ಹೊಲಿಗೆಯೂ ಸೊಟ್ಟಗಿಲ್ಲ. "ಒಯ್ತೀಯಾ?"

"ಇರಲಿ. ಇಬ್ಬರಿಗೂ ಒಂದೇ ದಿನ ಹಾಕ್ತೀನಿ," ಎಂದಳು ಕಡ್ಲಿ.

ಐದನೆಯ ದಿನ ರಾಗಿ ಹಾಲು ಕುಡಿಯಲಿಲ್ಲ. ಆರನೆಯ ದಿನ ಬೆಳಿಗ್ಗೆ ಅವಳು ಏಳಲಿಲ್ಲ.

ಕಡ್ಲಿ ಅವಳನ್ನು ಮೂಗಿನಿಂದ ದೂಡಿ ನೋಡಿದಳು. ನೆಕ್ಕಿ ನೋಡಿದಳು. ಮಧ್ಯಾಹ್ನದವರೆಗೆ ಪಕ್ಕದಲ್ಲಿ ಮಲಗಿದ್ದಳು. ಆಮೇಲೆ ಹೊಳೆಯ ದಡದಲ್ಲಿ, ಮರಳು ಮೆತ್ತಗಿರುವ ಕಡೆ, ಮುಂಗಾಲಿನಿಂದ ಗುಂಡಿ ತೋಡಿದಳು. ಹೊಳೆ ಅಷ್ಟು ಹೊತ್ತು ಸದ್ದು ಮಾಡದೆ ಹರಿಯಿತು.

ಏಳನೆಯ ದಿನ ಅವಳು ಹೊಂಗೆಮರದ ಬಳಿಗೆ ಬಂದಳು. ಎಲೆಯ ಮೇಲೆ ಒಬ್ಬನೇ ಇದ್ದ. ಉರುಳಿ ಬೀಳುವುದಕ್ಕೆ ಈಗ ಜಾಗ ಹೆಚ್ಚಾಗಿತ್ತು. ಅವನು ಮೇಲಿಂದ ಮೇಲೆ ಬೀಳುತ್ತಿದ್ದ, ಅವಳು ಮೇಲಿಂದ ಮೇಲೆ ಮೂಗಿನಿಂದ ದೂಡಿ ಹತ್ತಿಸುತ್ತಿದ್ದಳು.

ಟುವ್ವಿ ಎಲೆಯನ್ನು ನೋಡಿದಳು. ಹೊಲಿಯುತ್ತಿದ್ದ ಅಂಗಿಯನ್ನು ಪಕ್ಕಕ್ಕಿಟ್ಟಳು.

"ಅಳತೆ ಸಿಗಲಿಲ್ಲ," ಎಂದಳು ಕಡ್ಲಿ. "ಆನೆ ಮೂವತ್ತು ಅಂದ. ಇರುವೆ ಹದಿನಾಲ್ಕು ಅಂತು. ದಾರಿಯಲ್ಲಿ ಕಪ್ಪೆ ಸಿಕ್ತು. ಅದರ ಮರಿಗೆ ಮೊನ್ನೆ ಬಾಲ ಇತ್ತಂತೆ, ಇವತ್ತು ಕಾಲಿದೆಯಂತೆ. ನನ್ನ ಕೇಳಬೇಡ ಅಂತು. ಸಾಕಾಯ್ತು ನನಗೆ. ಒಬ್ಬಳ ಅಳತೆ ನನಗೆ ಚೆನ್ನಾಗಿ ಗೊತ್ತಿತ್ತು. ಹನ್ನೊಂದು ಅಂತ ಸರಿಯಾಗಿ ಹೇಳಿದ್ದೆ."

"ಸರಿಯಾಗೇ ಹೇಳಿದ್ದೆ," ಎಂದಳು ಟುವ್ವಿ.

ದೂರದಲ್ಲಿ ಹುಲ್ಲು ಒಂದು ಕಡೆಗೆ ಬಾಗತೊಡಗಿತ್ತು. ಗಾಳಿ ಹೊರಟಿತ್ತು.

ಟುವ್ವಿಗೆ ಇನ್ನೊಂದು ನಿಯಮವಿತ್ತು. ಹಾಕಿದ ಹೊಲಿಗೆಯನ್ನು ಅವಳು ಯಾವತ್ತೂ ಬಿಚ್ಚುತ್ತಿರಲಿಲ್ಲ. ಆನೆ ಎಷ್ಟು ಬೇಡಿಕೊಂಡರೂ ಬಿಚ್ಚಿರಲಿಲ್ಲ. ಈಗ ಅವಳು ಮೂರನೆಯ ಮುಳ್ಳಿನಿಂದ ರಾಗಿಯ ಅಂಗಿಯನ್ನು ಇಳಿಸಿದಳು. ಕೊಕ್ಕಿನಿಂದ ಮೊದಲ ಹೊಲಿಗೆಯನ್ನು ಎಳೆದಳು. ಎರಡನೆಯದನ್ನು ಎಳೆದಳು. ಬಟ್ಟೆ ಹರಿಯದಂತೆ, ನೂಲು ತುಂಡಾಗದಂತೆ, ಒಂದೊಂದನ್ನೇ ಬಿಚ್ಚಿದಳು.

"ಎಷ್ಟು ಗಂಟಿಗೆ ಹೊಲೀತೀಯ?" ಎಂದು ಕಡ್ಲಿ ಕೇಳಿದಳು.

"ಇರೋದನ್ನೆಲ್ಲ ಹಾಕಿ."

"ಅಳತೆ ಬೇಡವಾ?"

"ಬೇಡ. ಅವನನ್ನ ಹಿಡ್ಕೋ. ಆ ಹಂಬನ್ನ ಅವನ ಬಾಯಿಂದ ತೆಗಿ."

ಉಳಿದಿದ್ದ ಹನ್ನೊಂದು ಗಂಟಿಗೆ ರಾಗಿಯ ಹನ್ನೊಂದು ಗಂಟನ್ನು ಸೇರಿಸಿ ಟುವ್ವಿ ಸಂಜೆಯವರೆಗೆ ಹೊಲಿದಳು. ಸಾಸಿವೆ ಯಾವ ಕಡೆಗೆ ಎಷ್ಟು ಬೆಳೆಯುತ್ತಾನೆ ಎಂದು ಅವಳಿಗೆ ತಿಳಿಯದು. ಆದ್ದರಿಂದ ಹೆಚ್ಚಿನ ಬಟ್ಟೆಯನ್ನೆಲ್ಲ ಮಡಿಸಿ ಕುತ್ತಿಗೆಯ ಹಿಂದೆ ಇಟ್ಟಳು, ಎಲ್ಲಿ ಬೇಕಾದರೂ ಅಲ್ಲಿಂದ ಸರಿದು ಹೋಗಲಿ ಎಂದು.

ಎಂಟನೆಯ ದಿನ ಬೆಳಿಗ್ಗೆ ಗಾಳಿ ಹೇಳಿದಂತೆಯೇ ಬಂತು. ಎಲೆಗಳು ಉದುರಿದವು. ಸಾಸಿವೆ ತನ್ನ ಅಂಗಿಯೊಳಗೆ ಮುದುರಿ ಬೆಚ್ಚಗೆ ನಿದ್ದೆ ಮಾಡಿದ. ಗಾಳಿ ಎರಡು ಸಲ ಅವನ ಸುತ್ತ ಸುತ್ತಿ, ಒಳಗೆ ಹೋಗಲು ದಾರಿ ಸಿಗದೆ ಮುಂದಕ್ಕೆ ಹೋಯಿತು.

ಆಮೇಲೆ ಅವನು ಬೆಳೆದ. ಆನೆ ಪ್ರತಿ ಹುಣ್ಣಿಮೆಗೂ ಬಂದು ಪಾದ ನೋಡಿ, "ಇನ್ನೂ ಆಗ್ತಾನೆ, ಇರು," ಎನ್ನುತ್ತಿದ್ದ. ಸಾಸಿವೆಗೆ ಬೂದು ಮೀಸೆ ಬಂದ ಮೇಲೂ ಹಾಗೆಯೇ ಎನ್ನುತ್ತಿದ್ದ. ಅವನು ಆದದ್ದು ಹನ್ನೆರಡು ಗಂಟು. ಹನ್ನೆರಡು ಎಂದು ಯಾರೂ ಹೇಳಿರಲಿಲ್ಲ. ಇರುವೆಗಳು ಮಾತ್ರ, "ಎರಡೇ ಗಂಟು ತಾನೇ ಹೆಚ್ಚುಕಡಿಮೆ," ಎಂದು ಇವತ್ತಿಗೂ ಹೇಳಿಕೊಂಡು ಓಡಾಡುತ್ತವೆ.

ಅವನ ಅಂಗಿ ಕಂಡ ಉಳಿದ ತಾಯಿನಾಯಿಗಳೆಲ್ಲ ಹೊಂಗೆಮರದ ಕೆಳಗೆ ಸಾಲಾಗಿ ಬಂದು ನಿಂತವು. "ನಮ್ಮ ಮರಿಗೂ ಹಾಗೇ ಹೊಲಿ. ಹಿಂದೆ ಸ್ವಲ್ಪ ಹೆಚ್ಚಿಗೆ ಬಿಟ್ಟು ಹೊಲಿ." ಟುವ್ವಿ ಬೈದಳು, ಬಾಲ ನೆಟ್ಟಗೆ ಮಾಡಿದಳು, ಎಲ್ಲರಿಗೂ ಹೊಲಿದುಕೊಟ್ಟಳು. ಕೊನೆಯ ಮರಿಯ ಅಂಗಿ ಮುಗಿದ ದಿನ ಚರ್ಮದ ಕೆಲಸವನ್ನೇ ಬಿಟ್ಟಳು. ಆಮೇಲಿನ ಮರಿಗಳು ಅಂಗಿ ತೊಟ್ಟೇ ಹುಟ್ಟಿದವು. ಅಂದಿನಿಂದ ಅವಳು ಎಲೆಗಳನ್ನು ಮಾತ್ರ ಹೊಲಿಯುತ್ತಾಳೆ, ಅದೂ ಪೂರ್ತಿ ಬೆಳೆದ ಎಲೆಗಳನ್ನು.

ಇವತ್ತಿಗೂ ಯಾರಾದರೂ ಪುಟಾಣಿ ಜಾತಿಯ ನಾಯಿಮರಿಯನ್ನು ಮನೆಗೆ ತಂದರೆ ನೋಡು. ಮಾರಿದವರು ಒಂದು ಅಳತೆ ಹೇಳಿರುತ್ತಾರೆ. ಡಾಕ್ಟರು ತೂಗಿ ಇನ್ನೊಂದು ಹೇಳುತ್ತಾರೆ. ಪಕ್ಕದ ಮನೆಯವರು ಬಂದು ಪಾದ ಎತ್ತಿ ನೋಡಿ ಮೂರನೆಯದನ್ನು ಹೇಳುತ್ತಾರೆ. ಮರಿ ಯಾರ ಮಾತನ್ನೂ ಕೇಳದೆ ತನಗೆ ತೋಚಿದಷ್ಟು ಬೆಳೆಯುತ್ತದೆ. ನೀನು ಅದರ ಕುತ್ತಿಗೆಯ ಹಿಂದೆ ಮೆಲ್ಲಗೆ ಹಿಡಿದು ನೋಡು. ಅಲ್ಲಿ ಒಂದು ಮಡಿಕೆ ಚರ್ಮ ಹೆಚ್ಚಿಗೆ ಇರುತ್ತದೆ.

ತಾಯಿನಾಯಿ ಮರಿಯನ್ನು ಎತ್ತುವಾಗ ಅಲ್ಲಿಯೇ ಕಚ್ಚಿ ಎತ್ತುತ್ತದೆ.