ಗೊಣಸಗೇರಿಯ ಒಗರುಗುಡ್ಡ

ವಿಜಯಪುರ ಸೀಮೆಯ ಗೊಣಸಗೇರಿಯಿಂದ ಪಡುವಲಕ್ಕೆ ಅರ್ಧ ಹರದಾರಿ ನಡೆದರೆ ಕರಿಕಲ್ಲಿನ ಒಂದು ಬೋಳು ಗುಡ್ಡ ಸಿಗುತ್ತದೆ. ಅದಕ್ಕೆ ಒಗರುಗುಡ್ಡ ಎಂದು ಹೆಸರು. ಸುತ್ತಮುತ್ತ ಈಗ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿ ಮಾಡುವ ಶೆಡ್ಡುಗಳು. ಗುಡ್ಡದ ಮೇಲೆ ಮಾತ್ರ ಜಾಲಿ ಮತ್ತು ಕಳ್ಳಿ. ನೆತ್ತಿಯಲ್ಲಿ ಅರ್ಧ ಬಿದ್ದ ಒಂದು ಹುಡೇವು ಎಂದರೆ ಕಾವಲಿನ ಬುರುಜು, ಅದರ ಮಗ್ಗುಲಲ್ಲಿ ಬಂಡೆಯಲ್ಲೇ ಕೊರೆದ ಮೊಣಕಾಲುದ್ದದ ತೊಟ್ಟಿ ಇವೆ. ಸಾಲಿ ಮಾಸ್ತರರೊಬ್ಬರು ಇಲ್ಲಿನ ನೀರು ಒಗರು, ಅದಕ್ಕೇ ಈ ಹೆಸರು ಎಂದು ಬರೆದಿಟ್ಟು ಹೋಗಿದ್ದಾರೆ. ಪುಣ್ಯಾತ್ಮರು ಒಂದು ಬೊಗಸೆ ಕುಡಿದು ನೋಡಿ ಬರೆಯಬಾರದಿತ್ತೆ! ಗುಡ್ಡದ ಬುಡದ ಸೆಲೆಯ ನೀರು ಎಳನೀರಿನ ಹಾಗಿದೆ. ಇನ್ನೊಬ್ಬರು ಇಲ್ಲಿ ನೆಲ್ಲಿಯ ಬನವಿತ್ತು ಎಂದರು. ಈ ಕಲ್ಲಿನ ಮೇಲೆ ನೆಲ್ಲಿ ಬೆಳೆಸಿದ ಗಂಡಸು ಯಾರೋ, ಅವರನ್ನೇ ಕೇಳಬೇಕು. ಊರಿನ ಹಳಬರು ಹೇಳುವುದು ಬೇರೆ. ಅದು ಸಂಕವ್ವ ಎಂಬ ತೋಟಗಾರ್ತಿಯ ಬಾಯಿಂದ ಬಂದ ಮಾತು ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಗುಡ್ಡದ ಮೇಲೆ ಜಡಿಯಪ್ಪ ನಾಯಕ ಎಂಬ ಪಾಳೆಗಾರನ ಕೋಟೆಯಿತ್ತು. ಕೋಟೆ ಚಿಕ್ಕದು, ನಾಯಕನ ಜಂಬ ದೊಡ್ಡದು. ಒಮ್ಮೆ ಅವನು ರಾಜಧಾನಿಗೆ ಹೋದಾಗ ಅಲ್ಲಿಯ ಸರದಾರನೊಬ್ಬ ಪರದೇಶದ ಕೆಂಪು ಮದ್ಯವನ್ನು ಬಟ್ಟಲಲ್ಲಿ ಹಾಕಿಕೊಟ್ಟು, "ಸಿಂದಿ ಕುಡಿಯೋ ಬಾಯಿಗೆ ಇದರ ರುಚಿ ತಿಳೀತದೇನು ನಾಯಕರೇ?" ಎಂದು ನಕ್ಕನಂತೆ. ನಕ್ಕವನು ಮರೆತ, ನಾಯಕ ಮರೆಯಲಿಲ್ಲ. ಊರಿಗೆ ಬಂದವನೇ, ತನ್ನ ಗುಡ್ಡದ ಮೇಲೆ ಅಂಥ ಮದ್ಯ ಆಗಬೇಕು, ಅದೇ ಸರದಾರನನ್ನು ಕರೆಸಿ ಕುಡಿಸಬೇಕು ಎಂದು ಹಟ ಹಿಡಿದ. ಕಡಲ ದಂಡೆಗೆ ಕುದುರೆ ಕೊಳ್ಳಲು ಹೋದ ಅವನ ಆಳುಗಳು ಮರುವರ್ಷ ಕುದುರೆಗಳ ಜೊತೆಗೆ ಒಬ್ಬ ಮನುಷ್ಯನನ್ನೂ ಕೊಂಡು ತಂದರು. ಇಟಲಿ ಎಂಬ ದೇಶದವ, ಹೆಸರು ಬಾಲ್ದಸ್ಸಾರೆ. ಅಷ್ಟುದ್ದ ಯಾರು ಕರೆಯುತ್ತಾರೆ? ಒಂದೇ ವಾರದಲ್ಲಿ ಅವನು ಬಾಳದಾಸನಾದ. ಅವನ ಕಂಕುಳಲ್ಲಿ ಹಸಿ ಬಟ್ಟೆಯಲ್ಲಿ ಸುತ್ತಿದ ಬಳ್ಳಿಯ ಕಡ್ಡಿಗಳ ಕಟ್ಟೊಂದಿತ್ತು. ತನ್ನ ಊರಿನ ಗುಡ್ಡಗಳನ್ನು ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಬೆಳೆಯದ ಕರಿ ದ್ರಾಕ್ಷಿ ಅದೆಂದೂ, ಅದರ ಹೆಸರು ಸಗ್ರಾಂತೀನೊ ಎಂದೂ ಅವನು ಅರೆಬರೆ ಮಾತಿನಲ್ಲಿ, ಕೈಸನ್ನೆಯಲ್ಲಿ ತಿಳಿಸಿದ.

ನಾಯಕನ ತೋಟ ನೋಡಿಕೊಳ್ಳುತ್ತಿದ್ದವರು ಭರಮಣ್ಣ ಮತ್ತು ಅವನ ಹೆಂಡತಿ ಸಂಕವ್ವ. ಈ ಕಡ್ಡಿ ಗುಡ್ಡದ ಮೇಲೆ ಹತ್ತುತ್ತದೋ ಇಲ್ಲವೋ ಎಂದು ನಾಯಕ ಭರಮಣ್ಣನನ್ನು ಕೇಳಿದ. ಕುದುರೆಯ ಹಿಂದೆ, ದೊರೆಯ ಮುಂದೆ ನಿಲ್ಲಬಾರದು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ಭರಮಣ್ಣ ನಿಂತದ್ದಷ್ಟೇ ಅಲ್ಲ, ನಿಜವನ್ನೂ ಹೇಳಿದ. "ಕಲ್ಲಿನ ಮ್ಯಾಲೆ ಕಡ್ಡಿ ಹತ್ತೂದಿಲ್ಲ ಒಡೆಯಾ, ಸುಳ್ಳ ಶ್ರಮ" ಎಂದುಬಿಟ್ಟ. ನಾಯಕ ಸಿಟ್ಟು ಮಾಡಲಿಲ್ಲ, ನಕ್ಕ. ಅವನ ನಗೆ ಕಂಡರೆ ಊರಿನವರು ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಕೋಟೆಯ ಅಂಗಳದಲ್ಲಿ ಜೋಳ ತುಂಬಿಡುವ ಒಂದು ಹಗೇವು ಬರಿದಾಗಿತ್ತು. ಎರಡಾಳು ಆಳದ ನೆಲಗುಂಡಿ, ಕೊಡದಂತೆ ಒಳಗೆ ಅಗಲ, ಮೇಲೆ ಒಬ್ಬ ಮನುಷ್ಯ ತೂರುವಷ್ಟೇ ಬಾಯಿ. ಭರಮಣ್ಣನನ್ನು ಅದರೊಳಗೆ ಇಳಿಸಿ, ಬಾಯಿಗೆ ನಡುವೆ ಅಗಲ ತೂತಿರುವ ದೊಡ್ಡ ಬೀಸುಕಲ್ಲು ಮುಚ್ಚಿಸಿದ. "ಈ ಬಳ್ಳಿಯ ಮದ್ಯ ನನ್ನ ನಾಲಿಗಿಗೆ ರುಚಿಸಿದ ದಿನ ಎದ್ದು ಬಾ" ಎಂದ.

ಅಂದಿನಿಂದ ಸಂಕವ್ವನ ಬದುಕು ಎರಡೇ ಕೆಲಸದ್ದಾಯಿತು. ಒಂದು, ಆ ಪರದೇಶಿಯ ಬಳ್ಳಿಗಳನ್ನು ಬದುಕಿಸುವುದು. ಇನ್ನೊಂದು, ದಿನಕ್ಕೊಮ್ಮೆ ಪುಟ್ಟ ಬುಟ್ಟಿಯಲ್ಲಿ ಮಡಿಚಿದ ರೊಟ್ಟಿ, ಸೋರೆಬುರುಡೆಯಲ್ಲಿ ನೀರು ಇಟ್ಟು ಹಗ್ಗದಿಂದ ಆ ತೂತಿನಲ್ಲಿ ಇಳಿಬಿಡುವುದು. ಮೇಲಿಂದ ಅವಳು "ಉಂಡೇನು?" ಎಂದು ಕೂಗುತ್ತಿದ್ದಳು. ಕೆಳಗಿಂದ ಅವನು "ಉಂಡೆ" ಎನ್ನುತ್ತಿದ್ದ. ಗಂಡಹೆಂಡಿರ ಸಂಸಾರವೆಂದರೆ ಅಷ್ಟೇ. ಅವಳು ಬುಟ್ಟಿಯಲ್ಲಿ ಕೆಳಗಿನಿಂದ ಮಣ್ಣು ಹೊತ್ತು ತಂದು ಬಂಡೆಯ ಬಿರುಕುಗಳಿಗೆ ತುಂಬಿದಳು, ಕೊಡದಲ್ಲಿ ನೀರು ಹೊತ್ತಳು. ಬಾಳದಾಸ ಕಡ್ಡಿ ಸವರುವುದನ್ನು ಕಲಿಸಿದ. ಹಟದ ಬಳ್ಳಿಗಳು ಹತ್ತಿಕೊಂಡವು. ಮೂರನೆಯ ವರ್ಷ ಗೊಂಚಲು ಬಿಟ್ಟಿತು. ಕಾಡಿಗೆಯಷ್ಟು ಕಪ್ಪು, ಚಿಕ್ಕ ಹಣ್ಣು, ಸಿಪ್ಪೆ ಮಾತ್ರ ದಪ್ಪ. ಸಂಕವ್ವ ಒಂದನ್ನು ಬಾಯಿಗೆ ಹಾಕಿಕೊಂಡು ಅಗಿದಳು. ಮೊದಲು ಸಿಹಿ, ಆಮೇಲೆ ನಾಲಿಗೆ, ಒಸಡು, ಗಂಟಲು ಎಲ್ಲ ಹಿಡಿದುಕೊಂಡು ಒಣಗಿಹೋಯಿತು. "ಥೂ! ಎಳೆ ಬಾಳಿಕಾಯಿ ತಿಂದಂಗಾತಲ್ಲೋ ಯಣ್ಣಾ" ಎಂದು ಉಗುಳಿದಳು. ಬಾಳದಾಸ ಹೊಟ್ಟೆ ಹಿಡಿದುಕೊಂಡು ನಕ್ಕ.

ಇಬ್ಬರೂ ಕಾಲು ತೊಳೆದು ಬಂಡೆಯ ತೊಟ್ಟಿಗೆ ಇಳಿದು ಹಣ್ಣು ತುಳಿದರು. ಸಿಪ್ಪೆಸಮೇತ ರಸವನ್ನು ಹುಳಿಯೇರಿಸಿ ಉಕ್ಕಿಸಿ, ಸೋಸಿ, ಹನ್ನೆರಡು ದೊಡ್ಡ ಮಣ್ಣಿನ ಹರವಿಗಳಿಗೆ ತುಂಬಿ, ಮುಚ್ಚಳಕ್ಕೆ ಮೇಣ ಬಡಿದು, ಹುಡೇವಿನ ತಂಪಿನಲ್ಲಿ ಕುತ್ತಿಗೆಯವರೆಗೆ ಹೂಳಿದರು. ಸಂಕವ್ವ ಕೈ ಒರೆಸಿಕೊಂಡು, "ಯಾವತ್ತ ತೆಗಿಯೂದು?" ಎಂದಳು. ಬಾಳದಾಸ ಎರಡೂ ಕೈ ಎತ್ತಿ ಆರು ಬೆರಳು ತೋರಿಸಿದ. ಆರು ದಿನವೇ? ಅಲ್ಲ. ಆರು ತಿಂಗಳೇ? ಅದೂ ಅಲ್ಲ. "ಆರು ಮಳೆಗಾಲ, ತಂಗೀ. ಇದು ಸಿಟ್ಟಿನ ಹಣ್ಣು. ಈಗ ತೆಗೆದರ ಕಡೀತದ. ನಮ್ಮೂರಾಗ ಅಪ್ಪ ತುಂಬಿದ್ದನ್ನ ಮಗ ಕುಡೀತಾನ." ಸಂಕವ್ವ ಹಗೇವಿನ ಕಡೆ ನೋಡಿದಳು. ಭರಮಣ್ಣನ ದನಿ ಈಗಾಗಲೇ ಸಣ್ಣದಾಗಿತ್ತು. ಉಂಡೆ ಎನ್ನುವ ಮುಂಚೆ ಕೆಮ್ಮುತ್ತಿದ್ದ. "ಅಂವ ಆರು ತಿಂಗಳು ಇದ್ದರ ನಮ್ಮ ಪುಣ್ಯೇವು, ಯಣ್ಣಾ!" ಎಂದು ಅತ್ತಳು. ಬಾಳದಾಸನೂ ಅತ್ತ. ಮದ್ಯ ರುಚಿಸಿದ ದಿನ ಅವನನ್ನೂ ಕಡಲ ದಂಡೆಗೆ ಕಳಿಸುವುದಾಗಿ ನಾಯಕ ಮಾತು ಕೊಟ್ಟಿದ್ದ. ಆದರೂ ಆರು ಅಂದರೆ ಆರೇ ಎಂದ. ತಾಳಿದವನು ಬಾಳಿಯಾನು ಎನ್ನುವುದು ಒಳ್ಳೆಯ ಗಾದೆ; ಅದನ್ನು ಕಟ್ಟಿದವನ ಮನೆಯವರು ಯಾರೂ ಹಗೇವಿನಲ್ಲಿ ಇದ್ದಿರಲಾರರು.

ಮರುವರ್ಷ ಮಹಾನವಮಿಗೆ ಆ ಸರದಾರ ಕೋಟೆಗೆ ಬರುತ್ತಾನೆಂಬ ಸುದ್ದಿ ಬಂತು. ನಾಯಕ ಮೊದಲು ಬಾಳದಾಸನನ್ನು ಕರೆಸಿ ಮದ್ಯ ಆಯಿತೇ ಎಂದು ಕೇಳಿದ. ಇನ್ನೂ ಐದು ವರ್ಷ ಎಂದು ಅವನು ತಲೆಯಾಡಿಸಿದ. ಆಮೇಲೆ ಸಂಕವ್ವನನ್ನು ಒಬ್ಬಳನ್ನೇ ಕರೆಸಿದ. ಅವಳ ಕಿವಿಯಲ್ಲಿ ಗಂಡನ ಬೆಳಗಿನ ಕೆಮ್ಮು ಇನ್ನೂ ಇತ್ತು. "ಆಗೇತಿ ಒಡೆಯಾ," ಎಂದಳು, "ಬಾಳದಾಸಣ್ಣಾನೂ ನನ್ನ ಮುಂದ ಹಂಗ ಅಂದಾನ. ನಿಮ್ಮ ಮುಂದ ಹೇಳಾಕ ಅಂಜತಾನ." ಹೇಳಿ ಬಂದ ಮೇಲೆ ಅವಳಿಗೆ ಬೇರೆ ಭಯ ಹಿಡಿಯಿತು. ಒಗರು ಹೋಗಬೇಕಲ್ಲ! ಒಗರಿಗೆ ನಮ್ಮ ಹೆಂಗಸರು ಏನು ಮಾಡುತ್ತಾರೆ? ಬೆಲ್ಲ ಹಾಕುತ್ತಾರೆ. ಬಾಳೆಹೂವಿನ ಪಲ್ಯಕ್ಕೂ ಬೆಲ್ಲ, ಮಾವಿನಕಾಯಿ ಗೊಜ್ಜಿಗೂ ಬೆಲ್ಲ. ಬಾಳದಾಸ ಬಳ್ಳಿ ಸವರಲು ಹೋದ ಒಂದು ಮಧ್ಯಾಹ್ನ ಅವಳು ಹುಡೇವಿಗೆ ಹೋಗಿ, ಒಂದು ಹರವಿಯ ಮೇಣ ಕಿತ್ತು, ಎರಡು ಅಚ್ಚು ಬೆಲ್ಲ ಪುಡಿಮಾಡಿ ಸುರಿದು, ಕೋಲಿನಿಂದ ತಿರುವಿ, ಮತ್ತೆ ಮೇಣ ಬಡಿದಳು. ಸಡಿಲವಾದೀತೆಂದು ಮೇಲೆ ಹಗ್ಗವನ್ನೂ ಬಿಗಿದಳು. ಪಾಪ, ಕೆಲಸದಲ್ಲಿ ಅವಳು ಎಂದೂ ಅರೆಮನಸ್ಸು ಮಾಡಿದವಳಲ್ಲ. ಮಲಗಿದ್ದ ಹುಳಿ ಸಿಹಿ ಸಿಕ್ಕರೆ ಮತ್ತೆ ಎದ್ದು ಉಕ್ಕುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಅದಾದ ಹನ್ನೆರಡನೆಯ ದಿನ, ಮಹಾನವಮಿಯ ತುಂಬಿದ ಸಭೆಯಲ್ಲಿ ಆ ಹರವಿಯನ್ನು ತಂದಿಟ್ಟರು. ಸರದಾರ ಬಿಳಿ ಅಂಗಿ ತೊಟ್ಟು ಎದುರಿಗೇ ಕುಳಿತಿದ್ದ. ಆಳು ಹಗ್ಗ ಬಿಚ್ಚಿ ಮೇಣಕ್ಕೆ ಉಳಿ ತಾಗಿಸಿದ್ದೇ ತಡ, ಹರವಿ ಬುಸ್ ಎಂದಿತು. ಮುಚ್ಚಳ ತೊಲೆಗೆ ಬಡಿಯಿತು, ಕೆಂಪು ನೊರೆ ಸರದಾರನ ಗಡ್ಡದಿಂದ ಮೊಣಕಾಲಿನವರೆಗೆ ಸುರಿಯಿತು. ನಗಬೇಕೆಂದು ಎಲ್ಲರಿಗೂ ಅನ್ನಿಸಿತು, ಯಾರೂ ನಗಲಿಲ್ಲ. ಸರದಾರ ತಳದಲ್ಲಿ ಉಳಿದದ್ದನ್ನು ಒಂದು ಗುಟುಕು ಕುಡಿದು ಮುಖ ಕಿವಿಚಿದ. "ಸಿಂದೀನೇ ಕುಡೀರಿ ನಾಯಕರೇ. ಇದರಾಗ ತೊಗಲು ನೆನಸಿದರ ಛಲೋ ಕಾಲಿನ ಜೋಡು ಆಗ್ತಾವ" ಎಂದು ಎದ್ದು ಹೋದ. ನಾಯಕ ಸಭೆಯ ಕಡೆಗೆ ತಿರುಗಿ ನಕ್ಕ. "ಆಗೇತಿ ಅಂದವರು ಯಾರು?"

ಸಂಕವ್ವ ಕಂಬಕ್ಕೆ ಆತು ನಿಂತಿದ್ದಳು. ಬಾಳದಾಸ ಹರವಿಯ ತಳದಲ್ಲಿ ಬೆರಳಾಡಿಸಿ ನೆಕ್ಕಿದ. ಬೆಲ್ಲದ ರುಚಿ ಹತ್ತಿತು, ಅವಳ ಮುಖ ನೋಡಿದ. ತಾನು ನಿಜ ಹೇಳಿದರೆ ಹಗೇವಿನ ಬಾಯಿ ಇನ್ನೆಂದೂ ತೆರೆಯುವುದಿಲ್ಲ ಎಂದಷ್ಟೇ ಸಂಕವ್ವನಿಗೆ ತೋಚಿತು. ಕೈ ಎತ್ತಿ ಬೆರಳು ಮಾಡಿದಳು. "ಅಂವನೇ ಹೇಳಿದ, ಒಡೆಯಾ." ಬಾಳದಾಸನಿಗೆ ಅಷ್ಟರಲ್ಲಿ ಕನ್ನಡ ಚೆನ್ನಾಗಿ ಬರುತ್ತಿತ್ತು, ಬೇಕೆಂದರೆ ವಾದಿಸಬಹುದಿತ್ತು. ಅವನು ಮಾತಾಡಲಿಲ್ಲ ಎನ್ನುತ್ತಾರೆ.

ನಾಯಕ ನ್ಯಾಯ ಹೇಳಿದ. "ಕಲ್ಲಿನ ಮ್ಯಾಲೆ ಹತ್ತೂದಿಲ್ಲ ಅಂದವನ ಸೊಕ್ಕು ಮುರೀತು, ಹತ್ತೇತಿ. ಅವನನ್ನ ಮ್ಯಾಲೆ ತಗೀರಿ. ಇವಗ ಆರು ವರ್ಷ ಬೇಕಂತ. ಆಗಲಿ, ಇನ್ನ ಐದು ವರ್ಷ ಹರವಿಯಂಗ ತಾನೂ ನೆಲದಾಗ ಹೂತು ಕುಂದರಲಿ. ಮದ್ಯ ಮೆತ್ತಗಾದರ ಇವನನ್ನೂ ತಗಿಯೂಣು. ಆಗದಿದ್ರ ಮಣ್ಣ ಮುಚ್ಚೂಣು." ಅದೇ ಹಗ್ಗದಲ್ಲಿ ಭರಮಣ್ಣ ಮೇಲೆ ಬಂದ, ಬಾಳದಾಸ ಕೆಳಗೆ ಹೋದ. ರೊಟ್ಟಿ ಇಳಿಬಿಡುವ ಕೆಲಸ ಸಂಕವ್ವನಿಗೇ ಇರಲೆಂದು ನಾಯಕ ಅಪ್ಪಣೆ ಮಾಡಿದ. ಅವನಿಗೆ ಎಲ್ಲ ಗೊತ್ತಿತ್ತೋ ಏನೋ, ದೇವರೇ ಬಲ್ಲ.

ಭರಮಣ್ಣನ ಕಣ್ಣಿಗೆ ಬಿಸಿಲು ಹಿಡಿಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿ ಅವನು ಹೆಂಡತಿಯನ್ನು ಒಂದೇ ಕೇಳುತ್ತಿದ್ದ. "ಅಂವ ಉಂಡೆ ಅಂದನೇನು?" ಮೊದಲ ಕೆಲವು ತಿಂಗಳು ಬಾಳದಾಸ ಕೆಳಗಿನಿಂದ ಏನೋ ಹಾಡಿಕೊಳ್ಳುವುದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. "ಸಿಟ್ಟಿಗೆ ಮಾತಾಡವಲ್ಲ," ಎನ್ನುತ್ತಿದ್ದಳು ಸಂಕವ್ವ, "ಆದರ ಬುಟ್ಟಿ ಖಾಲಿ ಬರತೈತಿ." ಭರಮಣ್ಣ ಗೋಡೆಗೆ ಹೇಳಿದ: "ಬುಟ್ಟಿ ಖಾಲಿ ಬಂದರ ಆತೇನ? ಉತ್ತರ ಬರತನಕ ಏಳಬ್ಯಾಡ. ಆ ಕತ್ತಲದಾಗ ಮನಷ್ಯಾ ಉಣ್ಣೂದು ಆ ಒಂದು ಮಾತಿಗೇ." ಹದಿನಾಲ್ಕು ತಿಂಗಳು ಬದುಕಿದ್ದು ಅವನು ತೀರಿಕೊಂಡ. ಇಷ್ಟೆಲ್ಲ ಮಾಡಿ ಸಂಕವ್ವ ಗಳಿಸಿದ್ದು ಆ ಹದಿನಾಲ್ಕು ತಿಂಗಳು.

ಗಂಡನ ಮಣ್ಣಾದ ಮರುದಿನವೂ ಅವಳು ರೊಟ್ಟಿ ಬಡಿದಳು. ಕಲ್ಲಿನ ತೂತಿಗೆ ಬಾಯಿ ಇಟ್ಟು ದಿನವೂ, "ಯಣ್ಣಾ, ತಪ್ಪಾತು, ಹೊಟ್ಯಾಗ ಹಾಕ್ಕೋ" ಎನ್ನುತ್ತಿದ್ದಳು. ಉತ್ತರವಿಲ್ಲ. ಹಗ್ಗ ಎಳೆದರೆ ಬುಟ್ಟಿ ಖಾಲಿ. ಸೋರೆಬುರುಡೆ ಉರುಳಿ ಬರಿದಾಗಿರುತ್ತಿತ್ತು. ನನ್ನ ಕೈಯ ರೊಟ್ಟಿ ತಿನ್ನುತ್ತಾನೆ, ಅಂದ ಮೇಲೆ ಕ್ಷಮಿಸಿದ್ದಾನೆ ಎಂದು ಅವಳು ಮನಸ್ಸಿಗೆ ಹೇಳಿಕೊಂಡಳು. ವರ್ಷ ಕಳೆದಂತೆ ಆ ನಂಬಿಕೆ ಗಟ್ಟಿಯಾಯಿತು. ತನ್ನ ಪಾಲಿಗೆ ಅಂಬಲಿ ಕುಡಿದು ಅವನ ಬುಟ್ಟಿಗೆ ಬೆಣ್ಣೆ, ಶೇಂಗಾ ಚಟ್ನಿಪುಡಿ, ಹಬ್ಬಕ್ಕೆ ಹೋಳಿಗೆ ಇಟ್ಟಳು. ಕಲ್ಲಿನ ಬದಿಗೆ ಕುಳಿತು ಊರ ಸುದ್ದಿಯನ್ನೆಲ್ಲ ಹೇಳಿದಳು, ಒಮ್ಮೊಮ್ಮೆ ನಕ್ಕಳು ಕೂಡ.

ಆರು ಮಳೆಗಾಲ ತುಂಬಿದವು. ನಾಯಕ ಉಳಿದ ಹನ್ನೊಂದು ಹರವಿಗಳಲ್ಲಿ ಒಂದನ್ನು ಅಂಗಳಕ್ಕೆ ತರಿಸಿ ತೆಗೆಸಿದ. ನೊರೆಯಿಲ್ಲ, ಬುಸುಗುಟ್ಟಲಿಲ್ಲ. ಬಟ್ಟಲಿಗೆ ಬಿದ್ದದ್ದು ಕಪ್ಪು ಕೆಂಪು, ಮಂದ. ನಾಯಕ ಕುಡಿದ, ಕಣ್ಣು ಮುಚ್ಚಿದ, ಮತ್ತೆ ಕುಡಿದ. "ಎಲಾ ಇವನ! ಮಖಮಲ್ಲು ನುಂಗಿದಂಗಾತು" ಎಂದ. ನೆರೆದವರೆಲ್ಲ ಕುಡಿದು ಹೌದು ಹೌದು ಎಂದರು. ಒಗರಿನ ಸುಳಿವೂ ಇರಲಿಲ್ಲ. "ಮಾತು ಅಂದರ ಮಾತು, ಬಾಳದಾಸನ್ನ ತಗೀರಿ" ಎಂದು ನಾಯಕ ಕೂಗಿದ. ಸಂಕವ್ವ ಎಲ್ಲರಿಗಿಂತ ಮುಂಚೆ ಓಡಿ ಹೋಗಿ ತಾನೇ ಕಲ್ಲಿಗೆ ಕೈ ಹಚ್ಚಿದಳು.

ಕಲ್ಲು ಸರಿಸಿ ಪಂಜು ಇಳಿಬಿಟ್ಟರು. ಕೆಳಗೆ ಹೆಗ್ಗಣಗಳು ಚೆಲ್ಲಾಪಿಲ್ಲಿ ಓಡಿದವು. ಒಂದೊಂದೂ ಬೆಕ್ಕಿನಷ್ಟಿತ್ತು, ಬೆಣ್ಣೆ ತಿಂದು ಮೈ ಮಿರಿಮಿರಿ ಮಿಂಚುತ್ತಿತ್ತು. ಮೂಲೆಯಲ್ಲಿ ಬಾಳದಾಸ ಗೋಡೆಗೊರಗಿ ಕುಳಿತಿದ್ದ. ಬರೀ ಎಲುಬು, ಅದೂ ಒಣಗಿ ಬೆಳ್ಳಗಾಗಿ ನಾಲ್ಕು ವರ್ಷದ ಮೇಲಾಗಿತ್ತು.

ನಾಯಕ ಒಳಗೆ ಇಣುಕಿ ನೋಡಿದ, ಸಂಕವ್ವನನ್ನು ನೋಡಿದ, ಆಮೇಲೆ ನಕ್ಕ. ಕೋಟೆ ನಡುಗುವಂತೆ ನಕ್ಕ. "ಇಷ್ಟು ದಿನ ಯಾರ ಜೋಡಿ ಮಾತಾಡಿದೆವ್ವಾ?" ಎಂದು ಕೇಳಿ, ಅವಳ ಕೈಗೆ ತುಂಬಿದ ಬಟ್ಟಲು ಕೊಟ್ಟ. "ಕುಡಿ. ನೀ ತುಳಿದದ್ದ ಐತಿ. ಹೆಂಗೈತಿ ಹೇಳು." ಅವಳು ಕುಡಿದಳು. ನಾಲಿಗೆ ಒಣಗಿ ಅಂಗುಳಕ್ಕೆ ಹತ್ತಿತು. ಒಂದೇ ಮಾತು ಹೊರಟಿತು. "ಒಗರು." ಎಲ್ಲರಿಗೂ ಮಖಮಲ್ಲಾದದ್ದು ಅವಳೊಬ್ಬಳಿಗೆ ಒಗರಾದದ್ದು ನಾಯಕನಿಗೆ ಭಾರಿ ಮೋಜೆನಿಸಿತು. ಅಂದಿನಿಂದ ಬಂದ ಅತಿಥಿಗಳ ಮುಂದೆಲ್ಲ ಅವಳನ್ನು ನಿಲ್ಲಿಸಿ, ಒಂದು ಗುಟುಕು ಕುಡಿಸಿ, ಹೇಗಿದೆ ಎಂದು ಕೇಳಿದ. ಹನ್ನೊಂದು ಹರವಿ ತೀರುವವರೆಗೂ ಅವಳು ಒಗರು ಎಂದಳು. ಆಮೇಲೆ ನೀರು ಕೊಟ್ಟರೂ ಒಗರು ಎಂದಳು, ಹಾಲು ಕೊಟ್ಟರೂ ಒಗರು ಎಂದಳು. ಸಾಯುವಾಗ ಬಾಯಿಗೆ ಬಿಟ್ಟ ತುಳಸಿ ನೀರಿಗೂ ಅದನ್ನೇ ಅಂದಳಂತೆ. ಜಡಿಯಪ್ಪ ನಾಯಕ ತನ್ನ ಹೆಸರು ಉಳಿಯಲೆಂದು ಕೋಟೆ ಕಟ್ಟಿಸಿದ ಗುಡ್ಡಕ್ಕೆ ಜನ ಅವಳ ಮಾತನ್ನು ಇಟ್ಟರು.

ಕೋಟೆ ಬಿದ್ದುಹೋಯಿತು, ಆ ಬಳ್ಳಿಯ ಒಂದು ಕಡ್ಡಿಯೂ ಉಳಿಯಲಿಲ್ಲ. ಈಗ ಹೋದವರು ಆ ಹುಡೇವು, ತೊಟ್ಟಿಯ ಜೊತೆಗೆ ನೋಡುವುದು ಬಾಯಿ ತೆರೆದ ಒಂದು ಹಗೇವು. ದನ ಬೀಳದಿರಲೆಂದು ಪಂಚಾಯತಿಯವರು ಸುತ್ತ ತಂತಿ ಹಾಕಿದ್ದಾರೆ. ಹೋಗುವುದಾದರೆ ಕಟಾವಿನ ದಿನಗಳಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಬೇಕು. ಸುತ್ತಲಿನ ತೋಟಗಳಲ್ಲಿ ಹೆಂಗಸರು ಬುತ್ತಿ ಬಿಚ್ಚಿ ಬಡಿಸಿ, ಕೆಲಸದವರನ್ನು ಒಬ್ಬೊಬ್ಬರನ್ನಾಗಿ "ಉಂಡೇನು?" ಎಂದು ಕೇಳುತ್ತಾರೆ. ತಟ್ಟೆ ಖಾಲಿಯಾದದ್ದು ಕಣ್ಣೆದುರಿಗೇ ಇದ್ದರೂ ಕೇಳುತ್ತಾರೆ. ಉಂಡವನು ಬಾಯಿಬಿಟ್ಟು "ಉಂಡೆ" ಎನ್ನುವವರೆಗೆ ಗೊಣಸಗೇರಿಯ ಯಾವ ಹೆಂಗಸೂ ಅಲ್ಲಿಂದ ಏಳುವುದಿಲ್ಲ.